ಹೋಟೆಲಿನಲ್ಲಿ ರೋಬೋಟ್: ಅತಿಥಿಗಳು ಮನಸಾರೆ ಒಪ್ಪುವಂತೆ ಕೆಲಸಕ್ಕೆ ಹಚ್ಚುವುದು ಹೇಗೆ

ಕುಂದಾಪುರದ ಕಡೆಯಿಂದ ಬಂದು ಬೆಂಗಳೂರಿನ ಹೋಟೆಲುಗಳ ಫ್ರಂಟ್ ಆಫೀಸಿನಲ್ಲೇ ತಲೆ ನರೆಸಿಕೊಂಡವನು ನಾನು. ಈಚೆಗೆ ಪರಿಚಯದ ಹೋಟೆಲ್ ಮಾಲೀಕರು, ಅದರಲ್ಲೂ ಐವತ್ತರಿಂದ ನೂರೈವತ್ತು ಕೊಠಡಿಗಳ ಬಿಸಿನೆಸ್ ಹೋಟೆಲ್ ನಡೆಸುವವರು, ಸಿಕ್ಕಾಗಲೆಲ್ಲ ಕೇಳುವ ಮೊದಲ ಪ್ರಶ್ನೆ: ಯಾವ ಕಂಪನಿಯ ರೋಬೋಟ್ ತೆಗೆದುಕೊಳ್ಳಲಿ? ಎರಡನೆಯದು ಬೆಲೆ. ನಮ್ಮ ಅತಿಥಿಗೆ ಅದು ಬೇಕೇ ಎಂಬ ಪ್ರಶ್ನೆ ಹುಟ್ಟುವುದು ಯಂತ್ರ ಲಾಬಿಯ ಮೂಲೆಯಲ್ಲಿ ಧೂಳು ಹಿಡಿಯತೊಡಗಿದ ಮೇಲೆ. ಅದನ್ನು ಮೊದಲೇ ಕೇಳಿಕೊಳ್ಳುವವರಿಗಾಗಿ ಈ ಬರಹ.

ನನ್ನ ತಿಳಿವಳಿಕೆ ಇಷ್ಟು. ಕೆಲವು ಹೊತ್ತಿನಲ್ಲಿ ಅತಿಥಿಗೆ ಇನ್ನೊಬ್ಬ ಮನುಷ್ಯನ ಮುಖ ನೋಡಲು ಮನಸ್ಸಿರುವುದಿಲ್ಲ. ಆ ಹೊತ್ತಿನ ಕೆಲಸವನ್ನು ರೋಬೋಟ್ ಮಾಡಿದರೆ ಅವರು ಖುಷಿಯಿಂದ ಒಪ್ಪುತ್ತಾರೆ. ಮನುಷ್ಯ ಬೇಕು ಅನ್ನಿಸಿದಾಗ ಅದೇ ಯಂತ್ರ ಎದುರು ಬಂದು ನಿಂತರೆ, ಎಷ್ಟೇ ಚೆಂದವಾಗಿ ಕಣ್ಣು ಮಿಟುಕಿಸಿದರೂ, ಮುನಿಸಿಕೊಳ್ಳುತ್ತಾರೆ. ಮುಂದೆ ಹೇಳುವುದೆಲ್ಲ ಈ ಎರಡು ಹೊತ್ತುಗಳನ್ನು ಬೇರ್ಪಡಿಸುವ ಕೆಲಸವೇ.

ಮೊದಲು ಕೆಲಸ ಆರಿಸಿ, ಆಮೇಲೆ ಯಂತ್ರ

ರಾತ್ರಿ ಪಾಳಿಯವರು ಬರೆದಿಟ್ಟ ಕರೆಗಳ ರಿಜಿಸ್ಟರನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಹಿಂದಿನ ಒಂದು ತಿಂಗಳ ಪುಟಗಳು ಸಾಕು. ಪ್ರತಿ ಕರೆಯ ಮುಂದೆಯೂ ಒಂದು ಗುರುತು ಹಾಕಿ: ಇದು ವಸ್ತು ತಲುಪಿಸುವ ಕೆಲಸವೇ, ಮಾತು ಕೇಳಬೇಕಾದ ಕೆಲಸವೇ? ನೀರಿನ ಬಾಟಲಿ, ಹೆಚ್ಚುವರಿ ಟವೆಲ್, ಡೆಂಟಲ್ ಕಿಟ್, ಇಸ್ತ್ರಿ ಪೆಟ್ಟಿಗೆ, ಮೊಬೈಲ್ ಚಾರ್ಜರ್ ಮೊದಲ ಗುಂಪು. ಎಸಿ ತಣ್ಣಗಾಗುತ್ತಿಲ್ಲ, ಪಕ್ಕದ ಕೊಠಡಿಯಲ್ಲಿ ಗದ್ದಲ, ಮಗುವಿಗೆ ಜ್ವರ, ಬಿಲ್ಲಿನಲ್ಲಿ ತಪ್ಪು ಎರಡನೆಯ ಗುಂಪು. ಮೊದಲ ಗುಂಪು ರೋಬೋಟಿನದು. ಎರಡನೆಯದರ ಹತ್ತಿರ ಅದನ್ನು ಸುಳಿಯಗೊಡಬೇಡಿ. ದೂರು ಕೊಟ್ಟ ಅತಿಥಿಯ ಬಾಗಿಲಿಗೆ, ಆ ದೂರು ಬಗೆಹರಿಯುವವರೆಗೆ, ಒಂದು ನೀರಿನ ಬಾಟಲಿಯನ್ನೂ ರೋಬೋಟಿನ ಕೈಯಲ್ಲಿ ಕಳಿಸಬಾರದು. ಇದು ನಾನು ಎಲ್ಲರಿಗೂ ಹೇಳುವ ಮೊದಲ ನಿಯಮ.

ಜಪಾನಿನ ಒಂದು ಉದಾಹರಣೆ ಇಲ್ಲಿ ಕಣ್ತೆರೆಸುತ್ತದೆ. ನಾಗಸಾಕಿ ಪ್ರಾಂತ್ಯದ ಸಸೇಬೊದಲ್ಲಿ, ಹುಯಿಸ್ ಟೆನ್ ಬಾಷ್ ಎಂಬ ವಿಹಾರ ಉದ್ಯಾನದಲ್ಲಿ, 2015ರ ಜುಲೈಯಲ್ಲಿ ಹೆನ್ ನಾ ಹೋಟೆಲ್ ತೆರೆಯಿತು. ರೋಬೋಟ್‌ಗಳೇ ಸಿಬ್ಬಂದಿಯಾಗಿರುವ ಜಗತ್ತಿನ ಮೊದಲ ಹೋಟೆಲ್ ಎಂದು ಗಿನ್ನೆಸ್ ದಾಖಲೆಗೂ ಸೇರಿತು. ಕೌಂಟರಿನಲ್ಲಿ ಡೈನೋಸಾರ್ ರೂಪದ ರೋಬೋಟ್‌ಗಳು, ಸಾಮಾನು ಹೊರಲು ಬೇರೆ ರೋಬೋಟ್, ಹಾಸಿಗೆಯ ಪಕ್ಕದಲ್ಲಿ ಮಾತಾಡುವ ಪುಟ್ಟ ಬೊಂಬೆ. ಯಂತ್ರಗಳ ಸಂಖ್ಯೆ 243ರವರೆಗೆ ಬೆಳೆಯಿತು. 2019ರ ಜನವರಿಯ ಹೊತ್ತಿಗೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೆಲಸದಿಂದ ತೆಗೆದ ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಕಾರಣಗಳನ್ನು ಒಂದೊಂದಾಗಿ ಓದಬೇಕು. ಹಾಸಿಗೆ ಪಕ್ಕದ ಬೊಂಬೆ ಒಬ್ಬ ಅತಿಥಿಯ ಗೊರಕೆಯನ್ನೇ ಮಾತೆಂದು ತಿಳಿದು, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಪದೇ ಪದೇ ಎಬ್ಬಿಸಿತ್ತು. ಡೈನೋಸಾರ್‌ಗಳು ಸ್ವಾಗತ ಕೋರಿದರೂ ವಿದೇಶಿ ಅತಿಥಿಗಳ ಪಾಸ್‌ಪೋರ್ಟ್ ನಕಲು ತೆಗೆಯಲು ಮನುಷ್ಯರೇ ಬರಬೇಕಿತ್ತು. ಸಾಮಾನು ಹೊರುವ ಯಂತ್ರ ಕೆಲವೇ ಕೊಠಡಿಗಳಿಗೆ ಹೋಗಬಲ್ಲುದಾಗಿತ್ತು, ಮಳೆ ಹಿಮ ಬಂದರೆ ಅದೂ ಇಲ್ಲ. ಸಿಬ್ಬಂದಿಯ ಕೆಲಸ ಕಡಿಮೆಯಾಗುವ ಬದಲು ಹೆಚ್ಚಿತು.

ಗಮನಿಸಿ: ಕೈಕೊಟ್ಟ ಯಂತ್ರಗಳ ಪೈಕಿ ಹೆಚ್ಚಿನವು ಮಾತು ಕೇಳಿ ಉತ್ತರಿಸಬೇಕಾದ ಕೆಲಸಕ್ಕೆ ನಿಂತವು. ಹೆನ್ ನಾ ತೆರೆಯುವುದಕ್ಕೆ ಸುಮಾರು ಒಂದು ವರ್ಷ ಮೊದಲು, 2014ರ ಆಗಸ್ಟ್‌ನಲ್ಲಿ, ಅಮೆರಿಕದ ಕ್ಯುಪರ್ಟಿನೊದ ಅಲಾಫ್ಟ್ ಹೋಟೆಲಿನಲ್ಲಿ ಸೇವಿಯೋಕ್ ಎಂಬ ಕಂಪನಿಯ ಯಂತ್ರ ಬಂದಿತ್ತು. ಬಾಟ್ಲರ್ ಎಂದು ಹೆಸರು, ಸೊಂಟದೆತ್ತರ, ಕೈಯಿಲ್ಲ, ಕಾಲಿಲ್ಲ, ಮುಖವೂ ಇಲ್ಲ. ಒಂದು ಮುಚ್ಚಳದ ಡಬ್ಬಿ, ಒಂದು ಪರದೆ. ಕೌಂಟರಿನವರು ವಸ್ತು ಇಟ್ಟು ಕೊಠಡಿ ಸಂಖ್ಯೆ ಒತ್ತಿದರೆ ತಾನೇ ಲಿಫ್ಟ್ ಹತ್ತಿ ಹೋಗಿ, ಕೊಠಡಿಗೆ ಫೋನ್ ಮಾಡಿ, ಬಾಗಿಲು ತೆರೆದಾಗ ಮುಚ್ಚಳ ತೆರೆಯುವುದು. ಅಷ್ಟೇ ಕೆಲಸ. ಅದೇ ಬಗೆಯ ಯಂತ್ರಗಳು ಇವತ್ತು ಅನೇಕ ದೇಶಗಳ ಹೋಟೆಲುಗಳಲ್ಲಿ ಓಡಾಡುತ್ತಿವೆ. ಸಿಂಗಪುರದ ಎಂ ಸೋಶಿಯಲ್ ಹೋಟೆಲಿನಲ್ಲಿ 2017ರಲ್ಲಿ ಕೆಲಸಕ್ಕೆ ಬಂದ ಔರಾ ಎಂಬ ರೋಬೋಟ್ ಕೂಡ ನೀರು, ಟವೆಲ್ ತಲುಪಿಸುವುದಕ್ಕೇ ಇದ್ದದ್ದು.

ನಮ್ಮ ಇಂದಿರಾನಗರದಲ್ಲಿ 2019ರಲ್ಲಿ ರೋಬೋಟ್‌ಗಳು ಬಡಿಸುವ ರೆಸ್ಟೋರೆಂಟ್ ತೆರೆದಾಗ ಜನ ನೋಡಲು ಹೋದರು. ಅಲ್ಲಿಗೆ ಹೋಗುವುದೇ ರೋಬೋಟ್ ನೋಡಲು. ನಿಮ್ಮ ಹೋಟೆಲಿಗೆ ಬರುವವರು ನಿದ್ದೆ ಮಾಡಲು ಬರುತ್ತಾರೆ. ಅಲ್ಲಿನ ಕುತೂಹಲವನ್ನು ಕಂಡು ಇಲ್ಲಿನ ಲೆಕ್ಕ ಹಾಕಬೇಡಿ.

ಮುಖ ಬೇಕೇ?

ಮನುಷ್ಯನ ಹಾಗೆಯೇ ಕಾಣುವ ಯಂತ್ರವನ್ನು ತರಬೇಡಿ. ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು: ಯಂತ್ರ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಮಮತೆ ಹೆಚ್ಚುತ್ತದೆ, ಆದರೆ ಬಹುಪಾಲು ಹೋಲಿ ಸ್ವಲ್ಪದರಲ್ಲಿ ತಪ್ಪಿದಾಗ ಒಮ್ಮೆಲೇ ಹೇಸಿಗೆ, ಅಂಜಿಕೆ ಮೂಡುತ್ತದೆ. ರಾತ್ರಿ ಹನ್ನೊಂದೂವರೆಗೆ, ಮಂದ ಬೆಳಕಿನ ಕಾರಿಡಾರಿನಲ್ಲಿ, ರಬ್ಬರ್ ಚರ್ಮದ ಮುಖವೊಂದು ತಮ್ಮ ಕಡೆ ತಿರುಗುವುದನ್ನು ಯಾವ ಅತಿಥಿಯೂ ಬಯಸುವುದಿಲ್ಲ. ಪರದೆಯ ಮೇಲೆ ಎರಡು ಕಣ್ಣು ಸಾಕು. ಪುಡು ಎಂಬ ಕಂಪನಿಯ, ಊಟ ತಂದುಕೊಡುವ ಬೆಲ್ಲಾಬಾಟ್ ರೋಬೋಟಿಗೆ ಬೆಕ್ಕಿನ ಮುಖ ಕೊಟ್ಟಿದ್ದಾರೆ. ಮಕ್ಕಳಿರುವ ಊಟದ ಹಾಲಿಗೆ ಅದು ಒಪ್ಪುತ್ತದೆ. ಕೊಠಡಿಯ ಬಾಗಿಲಿಗೆ ಹೋಗುವ ಯಂತ್ರ ಇನ್ನೂ ಗಂಭೀರವಾಗಿರಲಿ. ಮುಖ್ಯವಾದ ಮಾತೆಂದರೆ, ರೂಪ ನೋಡಿಯೇ ಅತಿಥಿ ಯಂತ್ರದ ಬುದ್ಧಿಯನ್ನು ಅಂದಾಜು ಮಾಡುತ್ತಾರೆ. ಬಾಯಿ ಇಟ್ಟಿದ್ದರೆ ಮಾತಾಡಿಸುತ್ತಾರೆ, ಉತ್ತರ ಬರದಿದ್ದರೆ ಬೇಸರಪಡುತ್ತಾರೆ. ಡಬ್ಬಿಯಂತೆ ಕಂಡರೆ ಡಬ್ಬಿಯ ಕೆಲಸವನ್ನಷ್ಟೇ ನಿರೀಕ್ಷಿಸುತ್ತಾರೆ.

ನೆಲ, ಗಾಜು, ಲಿಫ್ಟ್, ರಂಗೋಲಿ

ಇದು ಎಂಜಿನಿಯರ್ ನೋಡಿಕೊಳ್ಳುವ ವಿಷಯ ಎಂದು ಮ್ಯಾನೇಜರುಗಳು ಕೈತೊಳೆದುಕೊಳ್ಳುತ್ತಾರೆ. ಕಾರಿಡಾರಿನ ನಡುವೆ ಸಿಕ್ಕಿಬಿದ್ದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿರುವ ಯಂತ್ರವನ್ನು ಅತಿಥಿ ಒಮ್ಮೆ ನೋಡಿದರೆ ಸಾಕು, ನಂಬಿಕೆ ಹೋಯಿತು. ಆದ್ದರಿಂದ ಕಂಪನಿಯವರು ಯಂತ್ರ ಓಡಾಡುವ ಜಾಗದ ನಕ್ಷೆ ತಯಾರಿಸಲು ಬಂದಾಗ ನೀವೂ ಜೊತೆಯಲ್ಲಿ ನಡೆಯಿರಿ.

ಈ ಯಂತ್ರಗಳಲ್ಲಿ ಹೆಚ್ಚಿನವು ದಾರಿ ಕಾಣುವುದು ಲೇಸರ್ ಕಿರಣವನ್ನು ಸುತ್ತ ಬೀಸಿ, ಅದು ಮರಳಿ ಬರುವ ಸಮಯವನ್ನು ಅಳೆದು. ಗಾಜಿನ ಬಾಗಿಲಿನ ಮೂಲಕ ಕಿರಣ ಹಾಯ್ದುಹೋಗುತ್ತದೆ, ಕನ್ನಡಿ ಅದನ್ನು ಬೇರೆಡೆಗೆ ತಿರುಗಿಸುತ್ತದೆ, ನಮ್ಮ ಲಾಬಿಗಳಲ್ಲಿ ಗೋಡೆಗೂ ಹಚ್ಚುವ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಸರಿಯಾಗಿ ಮರಳಿಸುವುದಿಲ್ಲ. ಇಂಥ ಕಡೆ ನೆಲದಿಂದ ಗೇಣೆತ್ತರದಲ್ಲಿ ಹೊಳಪಿಲ್ಲದ ಪಟ್ಟಿ ಅಂಟಿಸಿದರೆ ಬಹುತೇಕ ಸರಿಹೋಗುತ್ತದೆ. ಲಿಫ್ಟಿಗೂ ನೆಲಕ್ಕೂ ನಡುವಿನ ಸಂದನ್ನು ಖಾಲಿ ಟ್ರಾಲಿ ತಳ್ಳಿ ನೋಡಿ. ಟ್ರಾಲಿಯ ಚಕ್ರ ಸಿಕ್ಕಿದರೆ ರೋಬೋಟಿನದೂ ಸಿಗುತ್ತದೆ. ವೈಫೈ ಎಲ್ಲಿ ಕೈಕೊಡುತ್ತದೆ ಎಂಬುದು ಹೌಸ್‌ಕೀಪಿಂಗ್ ಹುಡುಗರಿಗೆ ಚೆನ್ನಾಗಿ ಗೊತ್ತು, ಅವರನ್ನೇ ಕೇಳಿ.

ಇನ್ನು ರಂಗೋಲಿ. ದೀಪಾವಳಿಗೋ ಮದುವೆಗೋ ಲಾಬಿಯ ನಡುವೆ ಹೂವಿನ ರಂಗೋಲಿ ಹಾಕುತ್ತೀರಿ. ನೆಲಕ್ಕೆ ಅಂಟಿದಂತಿರುವ ಸೇವಂತಿಗೆ ಎಸಳುಗಳು ಲೇಸರಿನ ಕಣ್ಣಿಗೆ ಬೀಳುವುದಿಲ್ಲ. ಯಂತ್ರಕ್ಕೆ ಅದು ಬರಿಯ ನೆಲ. ಬೆಳಗಿನ ಜಾವದಿಂದ ಕುಳಿತು ಹೆಣ್ಣುಮಕ್ಕಳು ಎಸಳು ಎಸಳಾಗಿ ಜೋಡಿಸಿದ್ದರ ಮೇಲೆ ಎರಡು ಚಕ್ರದ ಗೆರೆ ಎಳೆದುಕೊಂಡು ಹೋಗುತ್ತದೆ. ಆಮೇಲೆ ಆ ಹೋಟೆಲಿನಲ್ಲಿ ರೋಬೋಟನ್ನು ಪ್ರೀತಿಸುವವರು ಯಾರೂ ಇರುವುದಿಲ್ಲ, ಅತಿಥಿಗಳೂ ಸೇರಿ. ನಕ್ಷೆಯಲ್ಲಿ ಆ ಜಾಗವನ್ನು ನಿಷಿದ್ಧ ಎಂದು ಗುರುತು ಮಾಡುವುದು ಕೆಲವೇ ನಿಮಿಷದ ಕೆಲಸ. ಅದನ್ನು ಮಾಡಲು ಕಂಪನಿಯವರಿಗಾಗಿ ಕಾಯದೆ ನಿಮ್ಮ ಡ್ಯೂಟಿ ಮ್ಯಾನೇಜರೇ ಕಲಿತಿರಬೇಕು.

ಮದುವೆಯ ದಿಬ್ಬಣ ಬಂದಿಳಿಯುವ ದಿನ ಯಂತ್ರವನ್ನು ಓಡಿಸಲೇಬೇಡಿ. ಲಿಫ್ಟುಗಳ ಮುಂದೆ ಜರಿ ಸೀರೆಯುಟ್ಟ ಅಜ್ಜಿಯರು ಕಾಯುತ್ತಿರುವಾಗ ರೋಬೋಟ್ ಜಾಗ ಹಿಡಿದುಕೊಂಡು ಒಳಗೆ ನಿಂತಿರುವುದು ಮರ್ಯಾದೆಯಲ್ಲ. ಮಾಮೂಲಿ ದಿನಗಳಲ್ಲೂ ಲಿಫ್ಟಿನಲ್ಲಿ ಜನರಿದ್ದರೆ ಅದು ಬಿಟ್ಟುಕೊಟ್ಟು ಮುಂದಿನದಕ್ಕೆ ಕಾಯುವಂತೆ ವ್ಯವಸ್ಥೆ ಮಾಡಿಸಿ. ಸರ್ವಿಸ್ ಲಿಫ್ಟ್ ಇದ್ದರೆ ಇನ್ನೂ ಒಳ್ಳೆಯದು.

ಅತಿಥಿಗಿಂತ ಮೊದಲು ನಿಮ್ಮ ಹುಡುಗರು ಒಪ್ಪಬೇಕು

ಒಂದು ಹೋಟೆಲಿನಲ್ಲಿ ಯಂತ್ರದ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಬೆಲ್ ಬಾಯ್ ಒಬ್ಬ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸರ್, ಇದು ಬಂದ ಮೇಲೆ ನಮಗೆ ಸಿಗುವ ಟಿಪ್ಸ್ ಕತೆ ಏನು?" ಕೆಲಸ ಹೋಗುತ್ತದೆಯೇ ಎಂದು ಅವನು ಕೇಳಲಿಲ್ಲ. ತಿಂಗಳ ಕೊನೆಯಲ್ಲಿ ಊರಿಗೆ ಕಳಿಸುವ ಹಣದ ಯೋಚನೆ ಅವನದು. ಈ ಪ್ರಶ್ನೆಗೆ ಉತ್ತರ ಕೊಡದೆ ಯಾವ ಹೋಟೆಲೂ ರೋಬೋಟನ್ನು ಚಾಲೂ ಮಾಡಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಉತ್ತರ ಕಷ್ಟದ್ದೇನಲ್ಲ. ಸಾಮಾನು ಹೊತ್ತು ಕೊಠಡಿಗೆ ಕರೆದೊಯ್ಯುವ ಕೆಲಸ, ಬೆಳಗಿನ ಕಾಫಿ, ರಾತ್ರಿಯ ಊಟ, ಅಂದರೆ ಅತಿಥಿ ಪ್ರೀತಿಯಿಂದ ನಾಲ್ಕು ಕಾಸು ಕೊಡುವ ಸಂದರ್ಭಗಳೆಲ್ಲ ಹುಡುಗರಿಗೇ ಇರಲಿ. ನಡುರಾತ್ರಿಯ ನೀರಿನ ಬಾಟಲಿಗೆ ಯಾರೂ ಟಿಪ್ಸ್ ಕೊಡುವುದಿಲ್ಲ. ಆ ಓಡಾಟ ಯಂತ್ರಕ್ಕೆ ಹೋಗಲಿ. ಹೀಗೆ ಹಂಚಿದರೆ ಹುಡುಗರ ಕಾಲುನೋವು ಇಳಿಯುತ್ತದೆ, ಗಳಿಕೆ ಇಳಿಯುವುದಿಲ್ಲ. ಈ ಹಂಚಿಕೆಯನ್ನು ಬಾಯಲ್ಲಿ ಹೇಳಿ ಬಿಡದೆ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿ.

ಅತಿಥಿಗಳು ಯಂತ್ರವನ್ನು ನೋಡುವ ಮೊದಲು ಅದರ ಪಕ್ಕದಲ್ಲಿರುವ ಸಿಬ್ಬಂದಿಯ ಮುಖ ನೋಡುತ್ತಾರೆ. ಹುಡುಗ ಅದನ್ನು ಕಾಲಿನಿಂದ ಸರಿಸಿದರೆ ಅತಿಥಿಯೂ ಕಾಲಿನಿಂದ ಸರಿಸುತ್ತಾರೆ. ಅವನು ಹೆಸರು ಹಿಡಿದು ಕರೆದು, ಮುಚ್ಚಳ ಒರೆಸಿ ಕಳಿಸಿದರೆ ಅವರೂ ನಕ್ಕು ದಾರಿ ಬಿಡುತ್ತಾರೆ. ಹೆಸರಿಡುವ ಕೆಲಸವನ್ನು ಸಿಬ್ಬಂದಿಗೇ ಬಿಡಿ. ತಾವೇ ಇಟ್ಟ ಹೆಸರಾದರೆ ಜತನ ಹೆಚ್ಚು.

ಕೌಂಟರಿನಲ್ಲಿ ಆಡಬೇಕಾದ ಮಾತು

ಚೆಕ್-ಇನ್ ವೇಳೆ ಎರಡೇ ವಾಕ್ಯ ಸಾಕು: "ರಾತ್ರಿ ನೀರು, ಟವೆಲ್ ಏನಾದರೂ ಬೇಕಾದರೆ ನಮ್ಮ ರೋಬೋಟ್ ತಂದುಕೊಡುತ್ತದೆ. ಬೇಡವೆಂದರೆ ಹೇಳಿ, ನಮ್ಮ ಹುಡುಗರೇ ಬರುತ್ತಾರೆ." ಎರಡನೆಯ ವಾಕ್ಯವನ್ನು ಯಾವತ್ತೂ ನುಂಗಬಾರದು. ಬೇಡ ಎನ್ನುವ ಅವಕಾಶ ತನ್ನ ಕೈಯಲ್ಲಿದೆ ಎಂದು ಗೊತ್ತಿರುವವರು ಸಲೀಸಾಗಿ ಬೇಕು ಎನ್ನುತ್ತಾರೆ. ಬೇಡ ಎಂದವರ ಕೊಠಡಿಯ ಮುಂದೆ ಕಂಪ್ಯೂಟರಿನಲ್ಲಿ ಗುರುತು ಹಾಕಿ, ಅವರನ್ನು ಮತ್ತೆ ಕೇಳಬೇಡಿ.

ಒಂಟಿಯಾಗಿ ಪ್ರಯಾಣ ಮಾಡುವ ಹೆಣ್ಣುಮಕ್ಕಳು ಇದನ್ನು ಬೇಗ ಮೆಚ್ಚುವುದನ್ನು ಕಂಡಿದ್ದೇನೆ. ರಾತ್ರಿ ಬಟ್ಟೆಯಲ್ಲಿರುವಾಗ ಗುರುತಿಲ್ಲದ ಗಂಡಸಿಗೆ ಬಾಗಿಲು ತೆರೆಯುವ ಮುಜುಗರ ಅವರಿಗಷ್ಟೇ ಗೊತ್ತು. ತಡರಾತ್ರಿ ವಿಮಾನದಿಂದ ಇಳಿದು ಬಂದವರು ಕೂಡ ಹಾಗೆಯೇ. ವಯಸ್ಸಾದ ದಂಪತಿಗೆ ಮಾತ್ರ ಕೇಳದೆ ಕಳಿಸಬೇಡಿ. ಅವರು ಟವೆಲ್ ಕೇಳಿ ಫೋನ್ ಮಾಡಿದಾಗ ಗೀಸರ್ ಹಾಕುವುದು ಹೇಗೆಂದು ಕೇಳುವುದೂ ಮನಸ್ಸಿನಲ್ಲಿರುತ್ತದೆ. ಆ ಕರೆಗೆ ಹುಡುಗನೇ ಹೋಗಬೇಕು.

ಬಾಗಿಲ ಬಳಿಯ ಅರ್ಧ ನಿಮಿಷ

ಒಪ್ಪಿಗೆ ತೀರ್ಮಾನವಾಗುವುದು ಇಲ್ಲಿ. ಯಂತ್ರ ಬಂದು ಸುಮ್ಮನೆ ನಿಂತರೆ ಅತಿಥಿಗೆ ತಿಳಿಯುವುದಿಲ್ಲ, ಜೋರಾಗಿ ಹಾಡಿದರೆ ಪಕ್ಕದ ಕೊಠಡಿಯವರು ಎಚ್ಚರಗೊಳ್ಳುತ್ತಾರೆ. ಕೊಠಡಿಯ ಫೋನಿಗೆ ಕರೆ ಹೋಗುವಂತೆ ಮಾಡಿಸಿ, ಕಾರಿಡಾರಿನಲ್ಲಿ ದನಿಯನ್ನು ರಾತ್ರಿ ಹತ್ತರ ನಂತರ ತಗ್ಗಿಸಿ. ಬಾಗಿಲಿಗೆ ತೀರ ಅಂಟಿಕೊಂಡು ನಿಲ್ಲದೆ ಎರಡು ಹೆಜ್ಜೆ ಹಿಂದೆ ನಿಲ್ಲಲಿ. ತೆರೆದ ಬಾಗಿಲಿನೊಳಗೆ ನುಗ್ಗುವಂತೆ ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ.

ಭಾಷೆಯನ್ನು ಕಂಪನಿಯವರಿಗೆ ಬಿಡಬೇಡಿ. ಅವರು ಕೊಡುವ ಕನ್ನಡ ಅನೇಕ ಸಲ ಪಾಠ ಒಪ್ಪಿಸಿದಂತಿರುತ್ತದೆ. ನಿಮ್ಮ ಸಿಬ್ಬಂದಿಯಲ್ಲೇ ದನಿ ಚೆನ್ನಾಗಿರುವವರಿಂದ ಹೇಳಿಸಿ ಧ್ವನಿಮುದ್ರಿಸಿ: "ನಮಸ್ಕಾರ. ನೀವು ಕೇಳಿದ್ದನ್ನು ತಂದಿದ್ದೇನೆ. ಹಸಿರು ಗುಂಡಿ ಒತ್ತಿ." ಹುಬ್ಬಳ್ಳಿಯಿಂದ ಕಚೇರಿ ಕೆಲಸಕ್ಕೆ ಬಂದು ಉಳಿದುಕೊಂಡವರು ಬೆಂಗಳೂರಿನ ಹೋಟೆಲಿನಲ್ಲಿ ಯಂತ್ರವೊಂದು ಕನ್ನಡದಲ್ಲಿ ನಮಸ್ಕಾರ ಎಂದಾಗ ಅರಳುವುದನ್ನು ನೋಡಬೇಕು. ಕನ್ನಡ, ಇಂಗ್ಲಿಷ್, ಹಿಂದಿ ಮೂರರ ಆಯ್ಕೆ ಪರದೆಯ ಮೇಲಿರಲಿ, ಅಕ್ಷರ ದೊಡ್ಡದಾಗಿರಲಿ. ಕನ್ನಡಕ ಹಾಸಿಗೆಯ ಪಕ್ಕ ಬಿಟ್ಟು ಬಂದವರಿಗೂ ಓದಲು ಬರಬೇಕು.

ಊಟ ಕಳಿಸುವುದಾದರೆ ನಮ್ಮ ಜನರ ಮಡಿಮೈಲಿಗೆಯ ಸೂಕ್ಷ್ಮ ನೆನಪಿರಲಿ. ಒಂದೇ ಓಟದಲ್ಲಿ ಸಸ್ಯಾಹಾರ ಮಾಂಸಾಹಾರ ಎರಡನ್ನೂ ಕಳಿಸಬೇಡಿ. ಎಂಜಲು ತಟ್ಟೆ ವಾಪಸು ತರಲು ಅದೇ ಡಬ್ಬಿಯನ್ನು ಬಳಸಲೇಬಾರದು. ಒಮ್ಮೆ ಯಾರಾದರೂ ಕಂಡರೆ ಆ ಡಬ್ಬಿಯಲ್ಲಿ ಬಂದ ನೀರನ್ನೂ ಮುಟ್ಟುವುದಿಲ್ಲ. ಕಾಫಿ ಲೋಟದಲ್ಲಿ ಬೇಡ, ಫ್ಲಾಸ್ಕಿನಲ್ಲಿ ಹೋಗಲಿ. ಲಿಫ್ಟಿನ ಹೊಸ್ತಿಲು ದಾಟುವಾಗ ಆಗುವ ಒಂದು ಕುಲುಕಿಗೆ ಅರ್ಧ ಲೋಟ ಚೆಲ್ಲುತ್ತದೆ.

ಕ್ಯಾಮೆರಾ

"ಇದರಲ್ಲಿ ಕ್ಯಾಮೆರಾ ಇದೆಯೇ?" ಎಂದು ಅತಿಥಿ ಕೇಳಿಯೇ ಕೇಳುತ್ತಾರೆ. ಇದ್ದರೆ ಇದೆ ಎನ್ನಿ. ಏನನ್ನು ನೋಡುತ್ತದೆ, ದೃಶ್ಯ ಎಲ್ಲಿ ಎಷ್ಟು ದಿನ ಉಳಿಯುತ್ತದೆ, ಯಾರು ನೋಡಬಲ್ಲರು ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆದು ಕೌಂಟರಿನಲ್ಲಿಡಿ. 2019ರ ಅಕ್ಟೋಬರಿನಲ್ಲಿ ಹೆನ್ ನಾ ಸರಣಿಯ ಟೋಕಿಯೊ ಬಳಿಯ ಇನ್ನೊಂದು ಹೋಟೆಲಿನಲ್ಲಿ, ಕೊಠಡಿಯೊಳಗಿನ ರೋಬೋಟ್‌ಗಳ ಕ್ಯಾಮೆರಾವನ್ನು ಹೊರಗಿನವರು ಕದ್ದು ನೋಡಲು ಸಾಧ್ಯವಿದೆ ಎಂದು ಬಯಲಾಗಿ, ಮಾಲೀಕ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಅದಕ್ಕಿಂತ ಮೊದಲು ಅತಿಥಿಯ ವಿಶ್ವಾಸ ಇದೆ. ಯಂತ್ರ ಹೊಸ್ತಿಲು ದಾಟಿ ಕೊಠಡಿಯೊಳಗೆ ಹೋಗಬಾರದು ಎಂಬುದನ್ನು ನಾನು ಯಾವ ಹೋಟೆಲಿಗೂ ಸಡಿಲಿಸುವುದಿಲ್ಲ.

ಕೆಟ್ಟು ನಿಂತಾಗ

ನಿಲ್ಲುತ್ತದೆ, ಅದು ಖಂಡಿತ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ತಪ್ಪೇ ಮಾಡದ ರೋಬೋಟಿಗಿಂತ ಸಣ್ಣಪುಟ್ಟ ತಪ್ಪು ಮಾಡಿದ ರೋಬೋಟೇ ಜನರಿಗೆ ಹೆಚ್ಚು ಇಷ್ಟವಾಯಿತು. ಅದನ್ನು ನಂಬಿ ಉದಾಸೀನ ಮಾಡಬೇಡಿ. ಅಲ್ಲಿದ್ದವರು ಪ್ರಯೋಗಾಲಯದಲ್ಲಿ ಕುಳಿತವರು, ನಿಮ್ಮವರು ಬಾಯಾರಿ ನೀರಿಗೆ ಕಾಯುತ್ತಿರುವವರು. ಯಂತ್ರ ಹೊರಟು ನಿಗದಿತ ಸಮಯದಲ್ಲಿ ತಲುಪದಿದ್ದರೆ ಕೌಂಟರಿನಲ್ಲಿ ಗಂಟೆ ಬಾರಿಸಬೇಕು, ಒಬ್ಬ ಹುಡುಗ ಅದೇ ವಸ್ತು ಹಿಡಿದು ಮೆಟ್ಟಿಲು ಹತ್ತಬೇಕು. ಮೊದಲು ಅತಿಥಿ, ಆಮೇಲೆ ಯಂತ್ರ. ಕ್ಷಮೆ ಕೇಳುವುದು ಮನುಷ್ಯರ ಕೆಲಸ, ಪರದೆಯ ಮೇಲಿನ ಅಳುವ ಮುಖಕ್ಕೆ ಅದನ್ನು ವಹಿಸಬೇಡಿ.

ಒಪ್ಪಿದ್ದಾರೆಯೇ ಎಂದು ತಿಳಿಯುವುದು ಹೇಗೆ

ಯಂತ್ರದ ಪರದೆಯಲ್ಲಿ ಅತಿಥಿ ಒತ್ತುವ ಐದು ನಕ್ಷತ್ರಗಳನ್ನು ನೆಚ್ಚಿಕೊಳ್ಳಬೇಡಿ. ಮೊದಲ ಸಲ ಎಲ್ಲರೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಐದು ಕೊಡುತ್ತಾರೆ. ಎರಡು ಮೂರು ರಾತ್ರಿ ಉಳಿಯುವ ಅತಿಥಿಗಳನ್ನು ನೋಡಿ. ಮೊದಲ ರಾತ್ರಿ ರೋಬೋಟ್ ಕಂಡವರು ಎರಡನೆಯ ರಾತ್ರಿ ನೀರು ಕೇಳಿದಾಗ, "ರೋಬೋಟ್ ಕಳಿಸಲೇ, ಹುಡುಗನನ್ನು ಕಳಿಸಲೇ?" ಎಂದು ಕೇಳಿ ಉತ್ತರವನ್ನು ರಿಜಿಸ್ಟರಿನಲ್ಲಿ ಬರೆದಿಡಿ. ಕುತೂಹಲ ತೀರಿದ ಮೇಲೂ ಯಾರು ಅದನ್ನೇ ಆರಿಸುತ್ತಾರೋ ಅವರೇ ನಿಜವಾಗಿ ಒಪ್ಪಿದವರು. ಯಾಕೆ ಬೇಡವೆಂದರು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ: ತಡವಾಯಿತು, ದನಿ ಜೋರು, ಗುಂಡಿ ಸಿಗಲಿಲ್ಲ, ಮನುಷ್ಯರೇ ಇಷ್ಟ. ಮೊದಲ ಮೂರನ್ನು ನೀವು ಸರಿಪಡಿಸಬಹುದು. ನಾಲ್ಕನೆಯದನ್ನು ಗೌರವಿಸಬೇಕು.

ಈ ಲೆಕ್ಕ ಕೈಗೆ ಬರುವವರೆಗೆ ಯಂತ್ರವನ್ನು ಕೊಳ್ಳದೆ ತಿಂಗಳ ಬಾಡಿಗೆಗೆ ತನ್ನಿ. ಕರಾರಿನಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಲಿ: ಯಂತ್ರವನ್ನು ಲಿಫ್ಟಿಗೆ ಜೋಡಿಸುವ ಖರ್ಚು ಯಾರದು, ಕೆಟ್ಟರೆ ಎಷ್ಟು ಗಂಟೆಯೊಳಗೆ ಬರುತ್ತಾರೆ, ನಕ್ಷೆ ಬದಲಿಸಲು ನಿಮ್ಮವರಿಗೆ ಕಲಿಸುತ್ತಾರೆಯೇ, ವಾಪಸು ಒಯ್ಯುವಾಗ ಅದರಲ್ಲಿರುವ ದತ್ತಾಂಶ ಅಳಿಸುತ್ತಾರೆಯೇ. ಎರಡನೆಯ ರಾತ್ರಿಯ ಲೆಕ್ಕ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಮೊದಲು ಕೆಲಸದ ಪಟ್ಟಿಯನ್ನು ಕಿರಿದು ಮಾಡಿ. ಆಗಲೂ ಇಳಿದರೆ ಯಂತ್ರವನ್ನು ಹಿಂದಿರುಗಿಸಿ, ಆ ಬಾಡಿಗೆಯ ಹಣದಲ್ಲಿ ರಾತ್ರಿ ಪಾಳಿಗೆ ಇನ್ನೊಬ್ಬ ಹುಡುಗನನ್ನು ತೆಗೆದುಕೊಳ್ಳಿ.